ರೊಟ್ಟಿ ಹಾಕಿದರೆ ಸಾಕಿದಂತಾಯಿತೇ?



ನಮ್ಮ ಭಾಗದ ಊರುಗಳಲ್ಲಿ ನಾಯಿಗೆ ಒಂದು ತುತ್ತು ಹಾಕದ ಮನೆ ದೊರೆಯುವುದು ಕಷ್ಟ. ಬುಟ್ಟಿಯಲ್ಲಿ ಉಳಿದ ನಿನ್ನೆಯ ರೊಟ್ಟಿ, ಗಂಗಾಳದಲ್ಲಿ ಮಿಕ್ಕ ಅನ್ನ, ಹಬ್ಬದ ಮರುದಿನದ ಹೋಳಿಗೆಯ ತುಣುಕು, ಇವೆಲ್ಲ ಓಣಿಯ ನಾಯಿಗೆ ಸಲ್ಲುತ್ತವೆ. ಗುಳೇದಗುಡ್ಡದ ಓಣಿಗಳಲ್ಲಿ ನಡೆದಾಡುವವರಿಗೆ ಮಗ್ಗದ ಸಪ್ಪಳ ಕೇಳಿಸುವಷ್ಟೇ ಸಹಜವಾಗಿ ಕಟ್ಟೆಯ ನೆರಳಿನಲ್ಲಿ ಮಲಗಿದ ಒಂದೆರಡು ನಾಯಿಗಳೂ ಕಣ್ಣಿಗೆ ಬೀಳುತ್ತವೆ. ಆದರೆ 'ಈ ನಾಯಿ ಯಾರದು?' ಎಂದು ವಿಚಾರಿಸಿ ನೋಡಿರಿ. 'ಯಾರದೂ ಅಲ್ರಿ, ಓಣಿದು' ಎಂಬ ಉತ್ತರ ಬರುತ್ತದೆ. ಅದಕ್ಕೆ ವಾಹನ ಬಡಿದಾಗ, ಅದು ಆರು ಮರಿ ಈದಾಗ, ಅದು ಶಾಲೆಗೆ ಹೊರಟ ಮಗುವನ್ನು ಕಚ್ಚಿದಾಗ, 'ಓಣಿ' ಎಂಬ ಆ ಯಜಮಾನನು ಎಲ್ಲಿ ಹುಡುಕಿದರೂ ದೊರೆಯುವುದಿಲ್ಲ.

ಅನ್ನ ಹಾಕುವುದು ಒಂದು, ಸಾಕುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಕ್ಷಣದ ಕರುಣೆ ಸಾಕು. ಎರಡನೆಯದಕ್ಕೆ ಹನ್ನೆರಡು ಹದಿನೈದು ವರ್ಷಗಳ ಹೊಣೆ ಬೇಕು. ಈಚೆಗೆ ನಮ್ಮ ಕುಟುಂಬಗಳಲ್ಲಿ ಮಕ್ಕಳು 'ನಾಯಿ ಬೇಕು' ಎಂದು ಹಟ ಹಿಡಿಯುವುದು ಹೆಚ್ಚಾಗಿದೆ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ಆಶ್ರಯಧಾಮವೊಂದರಿಂದ ನಾವು ಒಂದು ನಾಯಿಯನ್ನು ದತ್ತು ತಂದೆವು. ಆ ಅನುಭವದಿಂದ ತಿಳಿದುಬಂದ ಕೆಲವು ಸಂಗತಿಗಳನ್ನು ಈ ತಿಂಗಳು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಾಯಿ ಬೇಕೆಂದು ಮಕ್ಕಳು ಕೇಳಿದಾಗ ಹಿರಿಯರ ಮನಸ್ಸು ಮೊದಲು ಹರಿಯುವುದು ತಳಿಯ ಕಡೆಗೆ. ನಮ್ಮ ಜಿಲ್ಲೆಯವರಿಗಂತೂ ತಳಿಯೆಂದರೆ ಮುಧೋಳ. ಇದು ಅಭಿಮಾನಕ್ಕೆ ತಕ್ಕ ವಿಷಯವೇ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರು; ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧ. 2005ರ ಜನವರಿಯಲ್ಲಿ ಅಂಚೆ ಇಲಾಖೆಯು ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಒಂದಾಗಿತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋದವು.

ಆದರೆ ಈ ನಾಯಿಯ ನೀಳವಾದ ಕಾಲು, ಒಣಗಿದ ಹೊಟ್ಟೆ, ಆಳವಾದ ಎದೆ ರೂಪುಗೊಂಡಿರುವುದು ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡುವುದಕ್ಕಾಗಿ. ಮುಂದೆ ಕಟ್ಟೆ, ಒಳಗೆ ಕುಣಿ ಮಗ್ಗ, ಹಿಂದೆ ಅಡಿಗೆಮನೆ ಇರುವ ನಮ್ಮ ಚಿಕ್ಕ ಮನೆಗಳ ಕಂಬಕ್ಕೆ ಅದನ್ನು ದಿನವಿಡೀ ಕಟ್ಟಿಹಾಕಿದರೆ ಅಭಿಮಾನ ಉಳಿದೀತೇ ಹೊರತು ನಾಯಿಯ ಆರೋಗ್ಯ ಉಳಿಯದು. ಹೊಲವಿದ್ದವರು, ಬೆಳಗು ಸಂಜೆ ಅದನ್ನು ಓಡಿಸಬಲ್ಲವರು ಮುಧೋಳದ ನಾಯಿಯನ್ನು ಅವಶ್ಯವಾಗಿ ಸಾಕಲಿ. ಉಳಿದವರು ಬೆಲೆ ಕೊಟ್ಟು ತಳಿ ಕೊಳ್ಳುವ ಮೊದಲು, ಬೆಲೆಯಿಲ್ಲದೆ ಮನೆಗಾಗಿ ಕಾದು ಕುಳಿತಿರುವ ಜೀವಗಳ ಕಡೆಗೊಮ್ಮೆ ನೋಡಬೇಕು.

ಆಶ್ರಯಧಾಮವೆಂದರೆ ಬೀದಿನಾಯಿಗಳನ್ನು ಕೂಡಿಹಾಕುವ ದೊಡ್ಡಿಯೆಂದು ಅನೇಕರ ತಿಳಿವಳಿಕೆ. ಅದು ಪೂರ್ಣ ಸತ್ಯವಲ್ಲ. ಗಾಯಗೊಂಡ ಬೀದಿನಾಯಿಗಳ ಜೊತೆಗೆ, ಒಂದು ಕಾಲಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕೊಂಡ ನಾಯಿಗಳೂ ಅಲ್ಲಿರುತ್ತವೆ. ಮರಿಯಾಗಿದ್ದಾಗ ಮುದ್ದಿಸಿ, ಮುಪ್ಪಾದಾಗ ಅಥವಾ ರೋಗ ಬಂದಾಗ ಹೆದ್ದಾರಿಯ ಬದಿಗೆ ಬಿಟ್ಟುಹೋದವರ ನಾಯಿಗಳವು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯೊಂದನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ತೊರೆದುಬಿಡುವುದು ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಹಗುರಾದ ದಂಡಕ್ಕೆ ಹೆದರುವವರು ಯಾರು? ಆದುದರಿಂದ ಇದು ಕಾಯಿದೆಗಿಂತ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ.

ಆ ಕಾಯಿದೆಯಾದರೂ ಸುಲಭವಾಗಿ ಬಂದುದಲ್ಲ. ಭರತನಾಟ್ಯಕ್ಕೆ ಗೌರವ ತಂದುಕೊಟ್ಟ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಮೂಕಪ್ರಾಣಿಗಳ ಪರವಾಗಿ ದನಿಯೆತ್ತಿದರು. 1962ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲ ಅಧ್ಯಕ್ಷೆಯಾದರು. ಮದ್ರಾಸಿನಲ್ಲಿ 1959ರಲ್ಲಿ ಕ್ಯಾಪ್ಟನ್ ಸುಂದರಂ ಅವರು 'ಬ್ಲೂ ಕ್ರಾಸ್' ಸಂಸ್ಥೆಯನ್ನು ಆರಂಭಿಸಿದರು. ನಮ್ಮ ನಾಡಿನ ಮಟ್ಟಿಗೆ ನೆನೆಯಬೇಕಾದ ಹೆಸರು ಕ್ರಿಸ್ಟಲ್ ರೋಜರ್ಸ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮಹಿಳೆ ದಿಲ್ಲಿಯಲ್ಲಿಯೂ ಜಯಪುರದಲ್ಲಿಯೂ ಪ್ರಾಣಿಗಳ ಆಸರೆಗಾಗಿ ಸಂಸ್ಥೆಗಳನ್ನು ಕಟ್ಟಿದರು. ಬಳಿಕ ಬೆಂಗಳೂರಿಗೆ ಬಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ 'ಕ್ಯೂಪಾ' ಎಂದು ಪ್ರಸಿದ್ಧವಾಗಿರುವ ಸಂಸ್ಥೆಯನ್ನು ಸ್ಥಾಪಿಸಿದರು. 1996ರಲ್ಲಿ ಅವರು ತೀರಿಕೊಂಡರೂ ಆ ಸಂಸ್ಥೆ ನಿಲ್ಲಲಿಲ್ಲ. ಗಾಯಗೊಂಡ ನಾಯಿಗೆ ಚಿಕಿತ್ಸೆ ಮಾಡಿ, ಗುಣವಾದ ಮೇಲೆ ಅದಕ್ಕೊಂದು ಮನೆ ಹುಡುಕುವ ಕೆಲಸ ಬೆಂಗಳೂರಿನಲ್ಲಿ ಬೇರೂರಲು ಇಂಥವರ ದುಡಿಮೆಯೇ ಕಾರಣ.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ಮಗಳು ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾಳೆ. ತಮ್ಮನ ಹಟವನ್ನು ತಿಳಿದ ಅವಳು ತನಗೆ ಪರಿಚಯವಿದ್ದ ಆಶ್ರಯಧಾಮಕ್ಕೆ ನಮ್ಮನ್ನು ಕರೆದೊಯ್ದಳು. ಅಲ್ಲಿಯ ಪರಿಪಾಠ ನಮಗೆ ಹೊಸದು. ನಾಯಿಯನ್ನು ತೋರಿಸುವುದಕ್ಕೆ ಮೊದಲು ನಮ್ಮನ್ನೇ ಕೂರಿಸಿ ಪ್ರಶ್ನೆ ಕೇಳಿದರು. ಮನೆ ಸ್ವಂತದ್ದೋ ಬಾಡಿಗೆಯದೋ? ಮನೆಯಲ್ಲಿರುವವರು ಎಷ್ಟು ಮಂದಿ? ಹಿರಿಯರೂ ಸೇರಿ ಎಲ್ಲರೂ ಒಪ್ಪಿದ್ದಾರೆಯೇ? ಹಗಲೆಲ್ಲ ಕಟ್ಟಿಹಾಕುವಿರೋ, ಬಿಟ್ಟಿರುವಿರೋ? ಜಾತ್ರೆಗೆ, ಮದುವೆಗೆ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಮುಂದೆ ಮಗ ಓದಲು ಬೇರೆ ಊರಿಗೆ ಹೋದರೆ ನಾಯಿಯ ಗತಿಯೇನು? ಇದಾದ ಮೇಲೆ ಫೋನಿನಲ್ಲಿ ನಮ್ಮ ಮನೆಯ ಅಂಗಳವನ್ನೂ ಹಿತ್ತಿಲನ್ನೂ ತೋರಿಸಬೇಕಾಯಿತು. ನಾಯಿಯನ್ನು ಮಾರುವುದಿಲ್ಲ, ಮರಿ ಮಾಡಿಸುವುದಿಲ್ಲ, ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ಅವರಿಗೇ ಮರಳಿಸುತ್ತೇವೆ ಎಂದು ಬರೆದು ಸಹಿ ಮಾಡಿದೆವು.

ಇದನ್ನೆಲ್ಲ ಊರಿನಲ್ಲಿ ಕುಳಿತು ಫೋನಿನಲ್ಲಿ ಕೇಳುತ್ತಿದ್ದ ನಮ್ಮ ಅವ್ವ, 'ನನ್ನ ಈ ಮನಿಗೆ ಕೊಡುವಾಗ ನಮ್ಮಪ್ಪ ಸೈತ ಇಷ್ಟು ಕೇಳಿದ್ದಿಲ್ಲ ನೋಡಪಾ' ಎಂದರು. ಎಲ್ಲರೂ ನಕ್ಕೆವು. ಆದರೆ ಆ ಮಾತಿನೊಳಗಿನ ಮುಳ್ಳು ನಮಗೆ ತಟ್ಟದೆ ಇರಲಿಲ್ಲ. ಒಂದು ಜೀವವನ್ನು ಇನ್ನೊಂದು ಮನೆಗೆ ಒಪ್ಪಿಸುವಾಗ ಎಷ್ಟು ವಿಚಾರಿಸಿದರೂ ಹೆಚ್ಚಾಗಲಾರದು.

ಮಗನು ಆರಿಸಿಕೊಂಡದ್ದು ಮರಿಯನ್ನಲ್ಲ. ಕೆಂಪು ಮಿಶ್ರಿತ ಕಂದು ಬಣ್ಣದ, ಸುಮಾರು ನಾಲ್ಕು ವರ್ಷದ ಹೆಣ್ಣು ನಾಯಿಯದು. ವಾಹನ ಬಡಿದು ಮುರಿದಿದ್ದ ಹಿಂಗಾಲು ಸೊಟ್ಟಗೆ ಕೂಡಿಕೊಂಡಿತ್ತು. ಮರಿಗಳನ್ನು ಕೇಳಿಕೊಂಡು ಬರುವವರು ಅನೇಕರಿದ್ದಾರೆ, ಬೆಳೆದ ನಾಯಿಯನ್ನು, ಅದರಲ್ಲಿಯೂ ಕುಂಟುವ ನಾಯಿಯನ್ನು ಕೇಳುವವರಿಲ್ಲ ಎಂದು ಅಲ್ಲಿಯವರು ಹೇಳಿದರು. ಅವರು ಇನ್ನೊಂದು ಮಾತನ್ನೂ ಹೇಳಿದರು. ಮರಿಯ ಸ್ವಭಾವ ಮುಂದೆ ಹೇಗಾಗುವುದೆಂದು ಯಾರೂ ಹೇಳಲಾರರು. ಬೆಳೆದ ನಾಯಿ ಮಕ್ಕಳೊಡನೆ ಹೇಗಿರುತ್ತದೆ, ಯಾವುದಕ್ಕೆ ಅಂಜುತ್ತದೆ ಎಂಬುದು ಅದನ್ನು ನೋಡಿಕೊಂಡವರಿಗೆ ಗೊತ್ತಿರುತ್ತದೆ. ಮೊದಲ ಸಲ ನಾಯಿ ಸಾಕುವ ಕುಟುಂಬಕ್ಕೆ ಇದು ಒಂದು ಅನುಕೂಲವೇ ಸರಿ.

ರೈಲಿನಲ್ಲಿ ನಾಯಿಯನ್ನು ಗಾರ್ಡ್ ಡಬ್ಬಿಯಲ್ಲಿರುವ ಪೆಟ್ಟಿಗೆಯಲ್ಲಿ ಸಾಗಿಸುವ ವ್ಯವಸ್ಥೆಯುಂಟು. ಕಾಲಿನ ನೋವಿರುವ ನಾಯಿಯನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕಳಿಸಲು ಮನಸ್ಸಾಗದೆ ಬಾಡಿಗೆಯ ಕಾರಿನಲ್ಲಿ ರಾತ್ರಿ ಹೊರಟೆವು. ಹೊಸಪೇಟೆ, ಕುಷ್ಟಗಿ ದಾಟಿ ಇಳಕಲ್ಲಿಗೆ ಬರುವಷ್ಟರಲ್ಲಿ ಬೆಳಕು ಹರಿಯಿತು. ಮನೆಗೆ ಬಂದ ಮೇಲೆ ಅವ್ವ ಅದನ್ನು ನೋಡಿ 'ಕೆಂಚಿ' ಎಂದು ಕರೆದರು. ಆಶ್ರಯಧಾಮದವರು ಇಟ್ಟಿದ್ದ ಇಂಗ್ಲಿಷ್ ಹೆಸರು ಅಲ್ಲಿಗೆ ಮರೆತುಹೋಯಿತು.

ಆಶ್ರಯಧಾಮದವರಲ್ಲಿ ಒಂದು ಲೆಕ್ಕವಿದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ನಾಯಿಗೆ ದಿಕ್ಕು ತೋಚದು. ಮೂರು ವಾರಗಳಲ್ಲಿ ಮನೆಯ ಹೊತ್ತುಗೊತ್ತುಗಳು ತಿಳಿಯತೊಡಗುತ್ತವೆ. ಮೂರು ತಿಂಗಳಿಗೆ 'ಇದು ನನ್ನ ಮನೆ' ಎಂಬ ನಂಬಿಕೆ ಹುಟ್ಟುತ್ತದೆ. ಎಲ್ಲ ನಾಯಿಗಳಿಗೂ ಇದು ತಿಥಿಯಂತೆ ತಪ್ಪದೆ ನಡೆಯುವುದೆಂದಲ್ಲ. ಹೊಸಬರು ಅವಸರಪಡಬಾರದೆಂಬುದೇ ಇದರ ತಾತ್ಪರ್ಯ. ಕೆಂಚಿ ಮೊದಲ ದಿನ ಹೊರಸಿನ ಕೆಳಗೆ ಸೇರಿಕೊಂಡಿತು. ನಾವು ನೋಡುತ್ತಿರುವಾಗ ತಿನ್ನಲಿಲ್ಲ. ರಾತ್ರಿ ದೀಪ ಆರಿದ ಮೇಲೆ ತಿಂದಿತು. ಬೆಳಗಾಗುತ್ತಲೇ ಪಕ್ಕದ ಮನೆಯ ಮಗ್ಗ ಆರಂಭವಾದಾಗ ಅದರ ಮೈಯೆಲ್ಲ ನಡುಗಿತು. ಹುಟ್ಟಿದಾಗಿನಿಂದ ಆ ಸಪ್ಪಳವನ್ನು ಕೇಳಿ ಅದು ಇದೆಯೆಂಬುದನ್ನೇ ಮರೆತಿದ್ದ ನಮಗೆ ಅಂದು ಅದು ಹೊಸದಾಗಿ ಕೇಳಿಸಿತು. ಎಳೆದು ಹೊರಗೆ ತರಬೇಡಿ, ಬೈಯಬೇಡಿ, ಮುದ್ದಿಸಲೂ ಬೇಡಿ, ಸುಮ್ಮನೆ ಹತ್ತಿರವಿರಿ ಎಂದು ನಮಗೆ ಹೇಳಿಕೊಟ್ಟಿದ್ದರು. ಹಾಗೆಯೇ ಮಾಡಿದೆವು. ಮಗನು ಹೊರಸಿನ ಪಕ್ಕದಲ್ಲಿ ಕುಳಿತು ತನ್ನ ಪಾಠ ಓದಿಕೊಂಡನು.

ಹಿರಿಯರಿರುವ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ದಿನವೂ ಇಷ್ಟಲಿಂಗ ಪೂಜೆ ನಡೆಯುವ ಮನೆಯಲ್ಲಿ ನಾಯಿ ಎಲ್ಲಿಯವರೆಗೆ ಬರಬಹುದು? ಮನೆಗೆ ಬಂದ ನಮ್ಮ ಬೀಗರೊಬ್ಬರು ಇದನ್ನೇ ಎತ್ತಿದರು. ಅದಕ್ಕೆ ಅವ್ವನೇ ಉತ್ತರ ಕೊಟ್ಟರು: 'ನಮ್ಮ ಹಾವಿನಹಾಳ ಕಲ್ಲಯ್ಯನೋರು ನಾಯಿ ಕಡಿಂದ ವೇದ ಓದಿಸಿದ್ದು ಮರತಿರೇನ್ರಿ? ನಾಯಿನ್ನ ದೂರ ಇಡ್ರಿ ಅಂತ ಆ ಕಥಿ ಹೇಳೂದಿಲ್ಲ.' ಇಷ್ಟು ಹೇಳಿದರೂ ಪೂಜೆಯ ಕೋಣೆಗೂ ಅಡಿಗೆಮನೆಗೂ ಕೆಂಚಿ ಬರಬಾರದೆಂದು ಗೆರೆ ಹಾಕಿದವರೂ ಅವ್ವನೇ. ಒಂದೇ ವಾರದಲ್ಲಿ ನಾಯಿ ಆ ಹೊಸ್ತಿಲನ್ನು ತಿಳಿದುಕೊಂಡಿತು. ನಾಯಿಗೆ ಬೇಕಾದುದು ಎಲ್ಲೆಯಿಲ್ಲದ ಮುದ್ದಲ್ಲ. ಇಂದು ಒಂದು, ನಾಳೆ ಒಂದು ಆಗದೆ ನಿತ್ಯ ಒಂದೇ ಆಗಿರುವ ಕಟ್ಟಳೆ.

ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ನಾಯಿ ಬದುಕೀತೇ ಎಂಬುದು ಅನೇಕರ ಸಂದೇಹ. ಬದುಕುತ್ತದೆ. ಮನುಷ್ಯನ ಜೊತೆಯಲ್ಲಿ ಸಾವಿರಾರು ವರ್ಷ ಬಾಳಿದ ನಾಯಿಯು ತೋಳಕ್ಕಿಂತ ಚೆನ್ನಾಗಿ ಧಾನ್ಯವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆಯೆಂಬುದನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಪರಿಶೀಲಿಸಿ ತೋರಿಸಿದರು. ಆದರೆ ಬರಿಯ ರೊಟ್ಟಿ, ಬರಿಯ ಅನ್ನ ಸಾಲದು. ಬೇಯಿಸಿದ ಬೇಳೆ, ಮೊಸರು, ಕುಂಬಳಕಾಯಿ, ಗಜ್ಜರಿಯಂಥ ತರಕಾರಿ ಕೂಡಿಸಬೇಕು. ಉಳಿದ ಕೊರತೆಯನ್ನು ಹೇಗೆ ತುಂಬಬೇಕೆಂಬುದನ್ನು ಪಶುವೈದ್ಯರಲ್ಲಿ ಕೇಳಿ ತಿಳಿಯಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕ್ಕೆ ಕೇಡು. ದ್ರಾಕ್ಷಿ, ಒಣದ್ರಾಕ್ಷಿಗಳು ಅದರ ಮೂತ್ರಪಿಂಡವನ್ನು ಕೆಡಿಸಬಲ್ಲವು. ಚಾಕೊಲೇಟು ಅದಕ್ಕೆ ವಿಷ. ಆದುದರಿಂದ ನಾವು ತಿಂದು ಉಳಿದುದನ್ನೆಲ್ಲ ನಾಯಿಗೆ ಸುರಿಯುವ ರೂಢಿ ಒಳ್ಳೆಯದಲ್ಲ. ಖಾರವಿಲ್ಲದೆ, ಒಗ್ಗರಣೆಯಿಲ್ಲದೆ ಅದರ ಪಾಲನ್ನು ಮೊದಲೇ ತೆಗೆದಿಡಬೇಕು. ಉಳಿದುದನ್ನು ಹಾಕುವುದಕ್ಕೂ ಅದಕ್ಕಾಗಿಯೇ ತೆಗೆದಿಡುವುದಕ್ಕೂ ಇರುವ ಅಂತರದಲ್ಲಿಯೇ ಸಾಕುವುದು ಆರಂಭವಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ಪಕ್ಕದ ಮಗ್ಗದ ಮನೆಯ ಹಿರಿಯರನ್ನು ನಮ್ಮ ಓಣಿಯವರೆಲ್ಲ ಕಾಕಾ ಎಂದೇ ಕರೆಯುತ್ತಾರೆ. ಕೆಂಚಿ ಬಂದ ಮರುದಿನವೇ ಅವರು ನಮ್ಮ ಕಟ್ಟೆಗೆ ಬಂದು ನಿಂತರು. 'ಮತ್ತೊಂದು ನಾಯಿ ತಂದು ಓಣಿಗೆ ಯಾಕ ಹಾಕ್ತೀರಿ? ಇರೂವ ಸಾಲವಲ್ಲೇನು?' ಎಂದು ಕೇಳಿದರು. ಅವರ ಮಾತಿಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅವರ ಮೊಮ್ಮಗನನ್ನು ಓಣಿಯ ನಾಯಿ ಕಚ್ಚಿತ್ತು. ಸೂಜಿಗಳೆಲ್ಲ ಮುಗಿದು ಗಾಯ ಮಾಯ್ದರೂ ಹುಡುಗನ ಅಂಜಿಕೆ ಮಾಯ್ದಿರಲಿಲ್ಲ. ನಾಯಿ ಕಂಡರೆ ಅವನು ಯಾರದಾದರೂ ಕಟ್ಟೆಯನ್ನು ಹತ್ತಿ ನಿಲ್ಲುತ್ತಿದ್ದನು.

ಕೆಂಚಿಗೆ ಹುಚ್ಚುನಾಯಿ ರೋಗದ ಲಸಿಕೆಯೂ ಉಳಿದ ಲಸಿಕೆಗಳೂ ಆಗಿವೆ, ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಗಿದೆ ಎಂದು ಆಶ್ರಯಧಾಮದವರು ಕೊಟ್ಟ ಚೀಟಿಯನ್ನು ಕಾಕಾ ಅವರಿಗೆ ತೋರಿಸಿದೆವು. ಅವರು ಅದನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ಬಳಿಕ, 'ಇದರ ಚೀಟಿ ಐತಿ, ಖರೆ. ಆ ಹೊರಗ ಮಲಗ್ಯಾವಲ್ಲ, ಅವುಗಳ ಚೀಟಿ ಯಾರ ಹತ್ರ ಐತಿ?' ಎಂದರು.

ಈ ಪ್ರಶ್ನೆಗೆ ಓಣಿಯಲ್ಲಿ ಉತ್ತರವಿರಲಿಲ್ಲ. ದಿನವೂ ಏಳೆಂಟು ಮನೆಗಳ ರೊಟ್ಟಿ ತಿನ್ನುವ ನಾಲ್ಕು ನಾಯಿಗಳಿಗೆ ಒಂದು ಲಸಿಕೆಯೂ ಆಗಿರಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಬಹಳ ಹೊತ್ತು ಮಾತು ನಡೆಯಿತು. ಅವುಗಳನ್ನು ದೂರ ಒಯ್ದು ಬಿಟ್ಟುಬಿಡೋಣವೆಂದು ಕೆಲವರು ಹೇಳಿದರು. ಒಯ್ದು ಬಿಟ್ಟ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಬಿಟ್ಟ ಊರಿನವರು ನಮ್ಮನ್ನು ಶಪಿಸುತ್ತಾರೆ ಎಂದು ಇನ್ನು ಕೆಲವರು ಹೇಳಿದರು. ಕೊನೆಗೆ ಏಳು ಮನೆಯವರು ಹಣ ಕೂಡಿಸಿದೆವು. ಪಶುವೈದ್ಯರು ಬಂದು ಲಸಿಕೆ ಹಾಕಲು ಒಪ್ಪಿದರು. ಆದರೆ ಹಿಡಿಯುವವರು ಯಾರು? ಓಡಿಸಿಕೊಂಡು ಹೋದ ಹುಡುಗರ ಕೈಗೆ ಒಂದೂ ಸಿಗಲಿಲ್ಲ. ನಿತ್ಯ ರೊಟ್ಟಿ ಹಾಕುತ್ತಿದ್ದ ಹೆಣ್ಣುಮಕ್ಕಳು ಹೆಸರು ಹಿಡಿದು ಕರೆದಾಗ ನಾಲ್ಕೂ ತಾವಾಗಿ ಬಂದು ಕಾಲಬುಡದಲ್ಲಿ ನಿಂತವು. ರೊಟ್ಟಿ ಹಾಕುವ ಕೈಗೆ ಮಾತ್ರ ಈ ಕೆಲಸ ಸಾಧ್ಯವೆಂಬುದು ಅಂದು ಓಣಿಗೆಲ್ಲ ತಿಳಿಯಿತು. ಮುಂದೆ ಅವುಗಳಲ್ಲಿದ್ದ ಎರಡು ಹೆಣ್ಣು ನಾಯಿಗಳಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಲಾಯಿತು. ನಾಲ್ಕರ ಚೀಟಿಗಳೂ ಈಗ ಕಾಕಾ ಅವರ ಮನೆಯ ಕಪಾಟಿನಲ್ಲಿವೆ. ವರ್ಷಕ್ಕೊಮ್ಮೆ ಲಸಿಕೆಯ ದಿನವನ್ನು ಓಣಿಗೆ ನೆನಪಿಸುವವರು ಅವರೇ.

ಹುಚ್ಚುನಾಯಿ ರೋಗವನ್ನು ಯಾರೂ ಹಗುರಾಗಿ ಎಣಿಸಬಾರದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದರೂ ನಡೆದೀತು; ಆದರೆ ಕಚ್ಚಿದ ಕೂಡಲೆ ಎಚ್ಚರ ವಹಿಸಿದರೆ ಅದನ್ನು ಪೂರ್ಣವಾಗಿ ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ಲಸಿಕೆಯಿಂದ ಉಳಿಸಿದಂದಿನಿಂದ ಈ ದಾರಿ ತೆರೆದಿದೆ. ಸಂದೇಹವುಳ್ಳ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ಹತ್ತಕ್ಕೆ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಕಚ್ಚಿದರೆ, ಉಗುರಿನಿಂದ ಪರಚಿದರೂ ಸಹ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಇವನ್ನು ಹಚ್ಚುತ್ತ ಕೂಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಹೋಯಿತು. ಈಗ ತೋಳಿಗೆ ಕೆಲವೇ ಸೂಜಿಗಳು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿ. ಆದರೆ ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. 2022ರಲ್ಲಿ ಕರ್ನಾಟಕ ಸರಕಾರವು ಈ ರೋಗದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದೆ. ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ಅದನ್ನು ಮುಂದುವರಿಸುವುದು ನಾಯಿಗಿಂತ ಹೆಚ್ಚಾಗಿ ನಮ್ಮ ಮಕ್ಕಳನ್ನು ಕಾಯುವ ಉಪಾಯ.

2025ರಲ್ಲಿ ಬೀದಿನಾಯಿಗಳ ವಿಷಯ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದುದು ಓದುಗರಿಗೆ ನೆನಪಿರಬಹುದು. ದಿಲ್ಲಿಯ ಎಲ್ಲ ಬೀದಿನಾಯಿಗಳನ್ನೂ ಹಿಡಿದು ಆಶ್ರಯಧಾಮಗಳಲ್ಲಿ ಇಡಬೇಕೆಂದು ಆಗಸ್ಟ್ 11ರಂದು ಆದೇಶವಾಯಿತು. ಆಗಸ್ಟ್ 22ರಂದು ಅದನ್ನು ಮಾರ್ಪಡಿಸಿ, ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೋಗವಿರುವವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಬಾರದು ಎಂದು ನ್ಯಾಯಾಲಯ ಹೇಳಿತು. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು: ಪ್ರಾಣಿಪ್ರಿಯರು ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ. ನಾಯಿಯ ಪರವಾಗಿ ಇರುವವರೂ ವಿರುದ್ಧವಾಗಿ ಇರುವವರೂ ಆ ದಿನಗಳಲ್ಲಿ ಬಹಳ ವಾದಿಸಿದರು. ಹೊಣೆಯನ್ನು ಕುರಿತ ಈ ಮಾತಿಗೆ ಇಬ್ಬರೂ ಒಪ್ಪಬಹುದೆಂದು ನಮ್ಮ ಅಭಿಪ್ರಾಯ.

ಹಾಗೆಂದು ಎಲ್ಲರೂ ನಾಯಿ ಸಾಕಲೇಬೇಕೆಂದು ನಾವು ಹೇಳುವುದಿಲ್ಲ. ಹಗಲೆಲ್ಲ ಬೀಗ ಹಾಕಿರುವ ಮನೆಯವರು, ದುಡಿಮೆಗಾಗಿ ವರ್ಷದಲ್ಲಿ ಕೆಲವು ತಿಂಗಳು ಊರು ಬಿಡುವವರು, ಔಷಧಿಯ ಖರ್ಚು ಹೊರೆಯಾಗುವವರು ತರದಿರುವುದೇ ಲೇಸು. ಮಗುವಿನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ತರುವುದಂತೂ ಸರ್ವಥಾ ಸಲ್ಲದು. ಇಂದು ಹಟ ಹಿಡಿದ ಹತ್ತು ವರ್ಷದ ಮಗು ನಾಳೆ ಕಾಲೇಜಿಗೆ ಹೋಗುತ್ತದೆ. ಆಗ ಮುಪ್ಪಾದ ನಾಯಿಯ ಕಣ್ಣಿಗೆ ಔಷಧಿ ಹಾಕುವವರು ತಂದೆತಾಯಿಗಳೇ. ಈ ಚಿತ್ರವನ್ನು ಮೊದಲೇ ಕಣ್ಣ ಮುಂದೆ ತಂದುಕೊಂಡು, ಆಗಲೂ 'ಹೂಂ' ಎನ್ನುವವರು ಮಾತ್ರ ಮುಂದುವರಿಯಲಿ. ನಮ್ಮಂಥ ಸಣ್ಣ ಊರುಗಳ ಹತ್ತಿರ ಆಶ್ರಯಧಾಮಗಳು ವಿರಳ. ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಿಮ್ಮ ಕಟ್ಟೆಯ ಕೆಳಗೆ ಈಗಾಗಲೇ ಮಲಗಿರುವ ನಾಯಿಯ ಕೊರಳಿಗೆ ಒಂದು ಪಟ್ಟಿ ಕಟ್ಟಿ, ಅದರ ಹೆಸರಿನಲ್ಲಿ ಒಂದು ಚೀಟಿ ಮಾಡಿಸಿದರೆ ಅದೂ ದತ್ತೇ.

ಈ ಹೊಣೆಯ ಮಾತು ಹೊರಗಿನಿಂದ ಬಂದ ಹೊಸ ವಿಚಾರವೆಂದು ಕೆಲವರಿಗೆ ಅನ್ನಿಸಬಹುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಕನ್ನಡ ಶಾಸನವನ್ನು ಅವರು ನೆನೆಯಬೇಕು. ಕ್ರಿ.ಶ. 949ರ ಸುಮಾರಿಗೆ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಕಡೆಯ ಮಣಲೇರನೆಂಬ ವೀರನು ಪರಾಕ್ರಮ ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಮುಂದೆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಮಣಲೇರನ ನಾಯಿಯ ನೆನಪಿಗಾಗಿ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುವುದೆಂದೂ ಬರೆಯಲಾಯಿತು. ಬೇಡಿ ಪಡೆದ ನಾಯಿಯ ಹೊಣೆ ಅದು ಸತ್ತ ಮೇಲೂ ತೀರಲಿಲ್ಲವೆಂಬುದನ್ನು ಕನ್ನಡದ ಕಲ್ಲೇ ಹೇಳುತ್ತಿದೆ.

ನಮ್ಮ ಕೆಂಚಿಗೆ ಕಲ್ಲು ನಿಲ್ಲಿಸುವಂಥ ಪರಾಕ್ರಮವೇನೂ ಇಲ್ಲ. ಮಗ್ಗದ ಸಪ್ಪಳಕ್ಕೆ ನಡುಗುತ್ತಿದ್ದ ಅದು ಈಗ ಮಧ್ಯಾಹ್ನ ಕಾಕಾ ಅವರ ಮಗ್ಗದ ಕಿಟಕಿಯ ಕೆಳಗೇ ನಿದ್ರಿಸುತ್ತದೆ. ಅವರ ಮೊಮ್ಮಗನು ಇಂದಿಗೂ ಗುರುತಿಲ್ಲದ ನಾಯಿ ಕಂಡರೆ ದೂರ ಸರಿಯುತ್ತಾನೆ, ಅದು ತಕ್ಕುದೇ. ಕೆಂಚಿಯ ಹತ್ತಿರ ಮಾತ್ರ ನಿಲ್ಲುತ್ತಾನೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಓಣಿಯಲ್ಲಿ ಎಷ್ಟು ನಾಯಿಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಲಸಿಕೆಯಾಗಿದೆ ಎಂಬುದನ್ನು ಈ ವಾರ ಒಮ್ಮೆ ಎಣಿಸಿ ನೋಡಿರಿ. ನಾಲ್ಕು ಮನೆಯವರು ಕೂಡಿ ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿರಿ. ನಾಯಿಗಳನ್ನು ಕರೆಯುವ ಕೆಲಸಕ್ಕೆ, ದಿನವೂ ಅವುಗಳಿಗೆ ರೊಟ್ಟಿ ಹಾಕುವ ಅವ್ವಂದಿರನ್ನೂ ಅಕ್ಕಂದಿರನ್ನೂ ಮರೆಯದೆ ಜೊತೆಗೆ ಕರೆದುಕೊಳ್ಳಿರಿ.